ಬೇರು ತಾನೇ, ಏನಾಗುತ್ತೆ?

ಗೆಳತಿಯ ಜೊತೆ ಡಾಕ್ಟರ್ ಹತ್ತಿರ ಹೋಗಿದ್ದೆ. ಅವಳಿಗೆ ಥೈರಾಯ್ಡ್ ಕಡಿಮೆ. ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗುತ್ತಾಳೆ, ಯಾವ ತಕರಾರೂ ಇರಲಿಲ್ಲ. ಆದರೆ ಒಂದು ತಿಂಗಳಿಂದ ಸುಮ್ನೆ ಕೂತಾಗಲೂ ಎದೆ ಡವಡವ ಅಂತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು, ಊಟ ಬಿಡದಿದ್ದರೂ ತೂಕ ಇಳಿದಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಪಾತಾಳ ಸೇರಿತ್ತು, ಅಂದ್ರೆ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿದೆ ಅಂತ. ಡಾಕ್ಟರ್ ರಿಪೋರ್ಟ್ ನೋಡಿದರು, ಮಾತ್ರೆಯ ಡೋಸ್ ನೋಡಿದರು, ಮತ್ತೆ ರಿಪೋರ್ಟ್ ನೋಡಿದರು.

"ಬೇರೆ ಏನಾದ್ರೂ ತಗೊಳ್ತಿದ್ದೀರಾ?"

"ಇಲ್ಲ ಡಾಕ್ಟ್ರೇ."

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅಶ್ವಗಂಧದ ಡಬ್ಬಿ ಅವಳ ಬ್ಯಾಗಿನಲ್ಲೇ ಇತ್ತು. ಮೊಣಕೈಯಿಂದ ತಿವಿದೆ. ಅವಳು ನನ್ನ ಕಡೆ ತಿರುಗಿ, ಪೂರ್ತಿ ಪ್ರಾಮಾಣಿಕವಾದ ಮುಖ ಮಾಡಿಕೊಂಡು, "ಅದು ಮಾತ್ರೆ ಅಲ್ವಲ್ಲೇ, ಬೇರು ಕಣೇ" ಅಂದಳು.

ಅವಳು ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಾದೆಯನ್ನು ಕಣ್ಣೆದುರಿಗಿರೋದಕ್ಕೆ ಬೆಲೆ ಕೊಡಲ್ಲ ಅಂತ ಬೇಜಾರಿನಲ್ಲಿ ಹೇಳೋದು. ಇಲ್ಲಿ ಅದು ಇನ್ನೊಂದು ರೀತಿಯಲ್ಲಿ ನಿಜವಾಗಿತ್ತು. ಗಿಡ, ಆದ್ದರಿಂದ ಮದ್ದಲ್ಲ, ಆದ್ದರಿಂದ ಡಾಕ್ಟರಿಗೆ ಹೇಳಬೇಕಾಗಿಲ್ಲ.

ಡಾಕ್ಟರ್ ಬೈಯಲಿಲ್ಲ. ಅದೇ ಕಾರಣ ಅಂತ ಖಡಾಖಂಡಿತವಾಗಿಯೂ ಹೇಳಲಿಲ್ಲ. "ಇರಬಹುದು, ನಿಲ್ಲಿಸಿ ನೋಡೋಣ" ಅಂದರು. ಆರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಹಳೇ ಜಾಗಕ್ಕೆ ಬಂದಿತ್ತು. ಎದೆಬಡಿತವೂ ನಿಂತಿತ್ತು.

ಈಗ ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ಆ ಡಬ್ಬಿ ಅವಳಿಗೆ ಕೊಟ್ಟಿದ್ದು ನಾನು.

ನನಗೆ ಈ ಹುಚ್ಚು ಹತ್ತಿದ್ದು ಒಂದು ಕೆಟ್ಟ ವರ್ಷದಲ್ಲಿ. ಕೆಲಸದಲ್ಲಿ ಮುಗಿಯದ ಗಡುವುಗಳು, ಮನೆಯಲ್ಲಿ ಒಬ್ಬರಿಗೆ ಆಪರೇಷನ್. ರಾತ್ರಿ ಮೂರಕ್ಕೆ ಸರಿಯಾಗಿ ಎಚ್ಚರವಾಗುತ್ತಿತ್ತು, ಯಾರೋ ಅಲಾರಂ ಇಟ್ಟ ಹಾಗೆ. ಫೋನ್ ಹಿಡಿದು ಕೂತರೆ ಎಲ್ಲಿ ನೋಡಿದರೂ ಒಂದೇ ಪದ: ಅಡಾಪ್ಟೋಜೆನ್. ದೇಹಕ್ಕೆ ಒತ್ತಡ ತಾಳಿಕೊಳ್ಳೋಕೆ ಸಹಾಯ ಮಾಡುವ ಗಿಡಮೂಲಿಕೆಗಳು. ಸುಸ್ತಾಗಿದ್ದರೆ ಎಬ್ಬಿಸುತ್ತವೆ, ಜಾಸ್ತಿ ಉದ್ವೇಗ ಇದ್ದರೆ ಇಳಿಸುತ್ತವೆ, ಅಡ್ಡ ಪರಿಣಾಮ ಇಲ್ಲ. ರಾತ್ರಿ ಮೂರಕ್ಕೆ ಇಂಥದ್ದನ್ನು ಓದಿದರೆ ಯಾರು ತಾನೇ ಆರ್ಡರ್ ಮಾಡಲ್ಲ?

ಆ ಪದ ಎಲ್ಲಿಂದ ಬಂತು ಅಂತ ಹುಡುಕಿದ್ದು ಆಮೇಲೆ, ಗೆಳತಿಯ ಪ್ರಸಂಗ ಆದ ಮೇಲೆ. ಹುಡುಕಿದ್ದು ಒಳ್ಳೇದೇ ಆಯ್ತು, ಕಥೆ ಚೆನ್ನಾಗಿದೆ.

ಶುರುವಾಗೋದು ಹಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿಯಿಂದ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳಿಗೆ ಅಂಡಾಶಯದ ಸಾರ ಚುಚ್ಚಿ ಹೊಸ ಹಾರ್ಮೋನ್ ಸಿಗುತ್ತಾ ಅಂತ ನೋಡುತ್ತಿದ್ದರು. ಇಲಿಗಳ ಅಡ್ರಿನಲ್ ಗ್ರಂಥಿ ಊದಿತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಸಿಕ್ಕೇಬಿಟ್ಟಿತು ಅಂದುಕೊಂಡರು. ಆಮೇಲೆ ನೋಡಿದರೆ ಫಾರ್ಮಲಿನ್ ಅನ್ನೋ ರಾಸಾಯನಿಕ ಚುಚ್ಚಿದರೂ ಅದೇ, ಚಳಿಯಲ್ಲಿಟ್ಟರೂ ಅದೇ, ಸುಸ್ತಾಗಿ ಬೀಳೋವರೆಗೆ ಓಡಿಸಿದರೂ ಅದೇ. ಹಾರ್ಮೋನ್ ಗೀರ್ಮೋನ್ ಏನೂ ಸಿಗಲಿಲ್ಲ. ಏನೇ ಕಷ್ಟ ಕೊಟ್ಟರೂ ದೇಹ ಒಂದೇ ಥರ ನರಳುತ್ತೆ ಅನ್ನೋದು ಸಿಕ್ಕಿತು. 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಚಿಕ್ಕದೊಂದು ಟಿಪ್ಪಣಿ ಬರೆದರು. ಮೊದಲು ಗಾಬರಿ, ಆಮೇಲೆ ತಾಳಿಕೊಳ್ಳೋದು, ಕಷ್ಟ ಮುಗಿಯದೇ ಹೋದರೆ ಕೊನೆಗೆ ಸೋತು ಬೀಳೋದು. ಇವತ್ತು ನಾವು ಬಾಯಿಬಿಟ್ಟರೆ ಸ್ಟ್ರೆಸ್ ಸ್ಟ್ರೆಸ್ ಅಂತೀವಲ್ಲ, ಅದು ವೈದ್ಯರ ಬಾಯಿಗೆ ಬಂದಿದ್ದು ಹೆಚ್ಚುಕಡಿಮೆ ಅವರಿಂದಲೇ.

ಆ ತಾಳಿಕೊಳ್ಳೋ ಶಕ್ತಿಯನ್ನು ಹೆಚ್ಚಿಸೋ ವಸ್ತುಗಳಿಗೆ ಅಂತ ಸೋವಿಯತ್ ಒಕ್ಕೂಟದಲ್ಲಿ ನಿಕೊಲಾಯ್ ಲಜರೆವ್ ಅನ್ನೋ ವಿಜ್ಞಾನಿ 1947ರಲ್ಲಿ ಅಡಾಪ್ಟೋಜೆನ್ ಅನ್ನೋ ಪದ ಕಟ್ಟಿದರು. ತಮಾಷೆ ಅಂದ್ರೆ ಅವರ ತಲೆಯಲ್ಲಿದ್ದಿದ್ದು ಗಿಡಮೂಲಿಕೆ ಅಲ್ಲ. ಡಿಬಜೋಲ್ ಅನ್ನೋ ರಾಸಾಯನಿಕ ಔಷಧಿ, ಲ್ಯಾಬಿನಲ್ಲಿ ತಯಾರಾದದ್ದು. ಗಿಡಗಳ ಕಡೆ ತಿರುಗಿಸಿದವರು ಅವರ ಶಿಷ್ಯ ಇಸ್ರೇಲ್ ಬ್ರೆಕ್‌ಮನ್, ವ್ಲಾಡಿವೊಸ್ಟಾಕ್‌ನಲ್ಲಿ. ಜಿನ್ಸೆಂಗ್‌ನಿಂದ ಶುರು ಮಾಡಿದರು. ಕಾಡಿನಲ್ಲಿ ಆ ಬೇರು ಸಿಗೋದೇ ಅಪರೂಪ. ಅದರ ದೂರದ ಸಂಬಂಧಿ, ಎಲ್ಯುಥೆರೊ ಅನ್ನೋ ಮುಳ್ಳಿನ ಪೊದೆ ಆ ಕಡೆ ಬೇಕಾದಷ್ಟಿತ್ತು. ಅದರ ಬೇರಿನ ಸಾರ ಕೊಟ್ಟು ಸುಂಡಿಲಿಗಳನ್ನು ಈಜಿಸಿದರು, ಮುಗಿಯದ ಹಗ್ಗ ಹತ್ತಿಸಿದರು, ಎಷ್ಟು ಹೊತ್ತಿಗೆ ಸುಸ್ತಾಗ್ತವೆ ಅಂತ ಅಳೆದರು.

1969ರಲ್ಲಿ ಬ್ರೆಕ್‌ಮನ್ ಮತ್ತು ಡರ್ಡಿಮೊವ್ ಸೇರಿ ಬರೆದ ಲೇಖನದ ಪ್ರಕಾರ ಅಡಾಪ್ಟೋಜೆನ್ ಅನ್ನಿಸಿಕೊಳ್ಳೋಕೆ ಮೂರು ಗುಣ ಬೇಕು. ಯಾವ ಥರದ ಒತ್ತಡ ಬಂದರೂ ತಾಳೋ ಶಕ್ತಿ ಹೆಚ್ಚಿಸಬೇಕು. ಏರಿದ್ದನ್ನು ಇಳಿಸಬೇಕು, ಇಳಿದಿದ್ದನ್ನು ಏರಿಸಬೇಕು. ದೇಹಕ್ಕೆ ತೊಂದರೆ ಮಾಡಬಾರದು.

ಎರಡನೇದನ್ನು ಇನ್ನೊಂದು ಸಲ ಓದಿ. ಏರಿಸೋದೂ ಅದೇ, ಇಳಿಸೋದೂ ಅದೇ. ಇದು ಔಷಧಿಯ ವರ್ಣನೆಗಿಂತ ಒಳ್ಳೇ ಅತ್ತೆಯ ವರ್ಣನೆ ಥರ ಇದೆ, ಎಲ್ಲರಿಗೂ ಆಸೆ, ಸಿಕ್ಕವರು ಕಡಿಮೆ. ಅದೂ ಅಲ್ಲದೆ ಹೀಗೆ ಹೇಳಿಬಿಟ್ಟರೆ ಪರೀಕ್ಷೆಯಲ್ಲಿ ಫೇಲ್ ಆಗೋಕೆ ಸಾಧ್ಯವೇ ಇಲ್ಲ ಅಲ್ವಾ? ಎಚ್ಚರ ಬಂದರೆ ನಿಮಗೆ ಎಚ್ಚರ ಬೇಕಾಗಿತ್ತು, ನಿದ್ದೆ ಬಂದರೆ ನಿದ್ದೆ ಬೇಕಾಗಿತ್ತು. ಯುರೋಪಿನ ಔಷಧ ಸಂಸ್ಥೆ 2008ರಲ್ಲಿ ಈ ಪದದ ಬಗ್ಗೆಯೇ ಒಂದು ಟಿಪ್ಪಣಿ ಬರೆದು, ಔಷಧ ಶಾಸ್ತ್ರದಲ್ಲಿ ಇದಿನ್ನೂ ಒಪ್ಪಿತವಾದ ಪದ ಅಲ್ಲ ಅಂತ ಹೇಳಿತ್ತು.

ಹಾಗಂತ ಒಳಗಿನ ಯಂತ್ರ ಸುಳ್ಳಲ್ಲ. ಒತ್ತಡ ಬಂದಾಗ ಮೆದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳಿಸುತ್ತೆ, ಪಿಟ್ಯುಟರಿ ಕಿಡ್ನಿಯ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್‌ಗೆ ಹೇಳುತ್ತೆ, ಅಡ್ರಿನಲ್ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಬಿಡುತ್ತೆ, ಕಾರ್ಟಿಸಾಲ್ ಜಾಸ್ತಿಯಾದಾಗ ಅದೇ ವಾಪಸ್ ಹೋಗಿ ಮೆದುಳಿಗೆ ಸಾಕು ನಿಲ್ಲಿಸು ಅನ್ನುತ್ತೆ. ಕಾರ್ಟಿಸಾಲ್ ಅಂದ್ರೆ ವಿಷ ಅನ್ನೋ ಹಾಗೆ ಮಾತಾಡ್ತಾರೆ, ಅದಿಲ್ಲದಿದ್ದರೆ ನಾವು ಬದುಕೋದೇ ಇಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಅದು ತುತ್ತತುದಿಗೆ ಏರುತ್ತೆ, ನಡುರಾತ್ರಿ ಹೊತ್ತಿಗೆ ತಳ ಸೇರುತ್ತೆ. ಅಂದಮೇಲೆ ಯಾವ ಹೊತ್ತಿನಲ್ಲಿ ರಕ್ತ ತೆಗೆದರು ಅನ್ನೋದರ ಮೇಲೆ ನಿಮ್ಮ ಕಾರ್ಟಿಸಾಲ್ ಎಷ್ಟು ಅನ್ನೋದು ನಿಂತಿದೆ. ಅಡ್ರಿನಲ್ ಫಟೀಗ್ ಅಂತ ಒಂದು ಕಾಯಿಲೆಯ ಹೆಸರು ಹೇಳಿ ಪುಡಿ ಮಾರುವವರು ಇದನ್ನು ಹೇಳಲ್ಲ. ಆ ಹೆಸರಿನ ಕಾಯಿಲೆಯನ್ನು ಹಾರ್ಮೋನ್ ತಜ್ಞರು ಒಪ್ಪೋದೂ ಇಲ್ಲ. ಅಡ್ರಿನಲ್ ನಿಜವಾಗಿ ಕೈಕೊಡುವ ಅಡಿಸನ್ಸ್ ಅನ್ನೋ ಕಾಯಿಲೆ ಬೇರೆ ಇದೆ, ಅದಕ್ಕೆ ಪುಡಿ ಸಾಲಲ್ಲ.

ಸರಿ, ಅಶ್ವಗಂಧಕ್ಕೆ ಬರೋಣ. ನಾನು ಮೊದಲು ತರಿಸಿದ್ದು ಪುಡಿ. ಬಿಸಿ ನೀರಿಗೆ ಹಾಕಿದರೆ ಕರಗೋದೇ ಇಲ್ಲ. ಮೇಲೆ ಒಂದು ಕಂದು ಪದರ ತೇಲುತ್ತೆ, ಚಮಚದಲ್ಲಿ ಒತ್ತಿದರೆ ಗಂಟು ಒಡೆದು ಒಳಗಿಂದ ಒಣ ಪುಡಿಯೇ ಬರುತ್ತೆ, ಕುಡಿದ ಮೇಲೆ ಅರ್ಧ ಗಂಟೆ ಗಂಟಲಿನ ಹಿಂದೆ ಕಹಿ ಅಂಟಿಕೊಂಡಿರುತ್ತೆ. ಕುದುರೆಯ ವಾಸನೆ ಅಂತ ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ. ಲ್ಯಾಟಿನ್ ಹೆಸರು ವಿಥಾನಿಯ ಸೊಮ್ನಿಫೆರ, ಆ ಎರಡನೇ ಪದಕ್ಕೆ ನಿದ್ದೆ ತರಿಸೋದು ಅಂತ ಅರ್ಥ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪು, ಎಲ್ಲದರ ಸಂಸಾರ ಇದು.

ವಾರದಲ್ಲೇ ಪುಡಿ ಸಾಕಾಗಿ ಕ್ಯಾಪ್ಸೂಲ್‌ಗೆ ಹೋದೆ. ಇಲ್ಲಿ ನನಗೆ ಸಿಟ್ಟು ಬಂದಿದ್ದು ಲೇಬಲ್ ಮೇಲೆ. ಒಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 500 ಮಿಲಿಗ್ರಾಂ, ಇನ್ನೊಂದರ ಮೇಲೆ 300. ಜಾಸ್ತಿ ಇರೋದೇ ಒಳ್ಳೇದು ಅಂತ ಮೊದಲನೇದನ್ನು ತಗೊಂಡೆ. ಎರಡು ತಿಂಗಳಾದ ಮೇಲೆ ಹಿಂದಿನ ಸಣ್ಣಕ್ಷರ ಓದಿದಾಗ ಗೊತ್ತಾಯ್ತು, ಮೊದಲನೇದು ಬೇರಿನ ಬರೀ ಪುಡಿ, ಎರಡನೇದು ಬೇರಿನ ಸಾರ, ಶೇಕಡಾ 5 ವಿಥಾನೊಲೈಡ್ ಇದೆ ಅಂತ ಬರೆದದ್ದು. ಅಂದ್ರೆ 300ರಲ್ಲಿ 15 ಮಿಲಿಗ್ರಾಂ ವಿಥಾನೊಲೈಡ್. ಈ ವಿಥಾನೊಲೈಡ್‌ಗಳೇ ಮುಖ್ಯವಾಗಿ ಕೆಲಸ ಮಾಡೋದು ಅಂತ ನಂಬಿಕೆ. ಬರೀ ಪುಡಿಯಲ್ಲಿ ಎಷ್ಟಿದೆ ಅಂತ ಆ ಡಬ್ಬಿಯ ಮೇಲೆ ಬರೆದೇ ಇರಲಿಲ್ಲ. ಪ್ರಯೋಗಗಳಲ್ಲಿ ಕೊಡೋದು ಹೆಚ್ಚಾಗಿ ಸಾರ. ನಾವು ಪ್ರಯೋಗದ ಫಲಿತಾಂಶ ಓದಿ ಪುಡಿ ತಿನ್ನುತ್ತೀವಿ. ಕಾಫಿ ಡಿಕಾಕ್ಷನ್ ಬಗ್ಗೆ ಓದಿ ಕಾಫಿ ಬೀಜ ಅಗಿದ ಹಾಗೆ.

ಪ್ರಯೋಗಗಳು ಏನು ಹೇಳ್ತವೆ? 2012ರ ಒಂದನ್ನು ಎಲ್ಲರೂ ಎತ್ತಿ ಹೇಳ್ತಾರೆ. 64 ಜನ, ಅರ್ಧ ಮಂದಿಗೆ ದಿನಕ್ಕೆ ಎರಡು ಸಲ 300 ಮಿಲಿಗ್ರಾಂ ಸಾರ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ, 60 ದಿನ. ಸಾರ ತಗೊಂಡವರ ಕಾರ್ಟಿಸಾಲ್ ಸುಮಾರು ಶೇ. 28 ಇಳಿಯಿತು. ಒತ್ತಡದ ಪ್ರಶ್ನಾವಳಿಯ ಅಂಕ ಶೇ. 44 ಇಳಿಯಿತು, ಹುಸಿ ಮಾತ್ರೆಯವರದ್ದು ಶೇ. 5.5. ಓದಿದಾಗ ನನಗೂ ಕುಣಿಯೋ ಹಾಗಾಯ್ತು. ಈಗ ಓದಿದರೆ ಆ 5.5 ನೋಡಿ ಹುಬ್ಬೇರುತ್ತೆ. ಒತ್ತಡ, ನಿದ್ದೆ, ನೋವು ಇಂಥ ವಿಷಯಗಳಲ್ಲಿ ಹುಸಿ ಮಾತ್ರೆ ತಗೊಂಡವರಿಗೂ ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗೇ ಅನ್ನಿಸುತ್ತೆ. ಆಮೇಲೆ ಬಂದ ಪ್ರಯೋಗಗಳೂ ಹೆಚ್ಚಾಗಿ ಅದೇ ದಿಕ್ಕು ತೋರಿಸಿವೆ, ಆದರೆ ಎಲ್ಲಾ ಚಿಕ್ಕಚಿಕ್ಕವು, ಎರಡು ಮೂರು ತಿಂಗಳಿನವು, ಎಷ್ಟೋ ಸಲ ಸಾರ ತಯಾರಿಸುವವರದ್ದೇ ದುಡ್ಡು. ಏನೋ ಇದೆ ಅಂತ ನನಗನ್ನಿಸುತ್ತೆ. ಡಬ್ಬಿ ಮೇಲೆ ಬರೆದಷ್ಟು ಇಲ್ಲ.

ಗೆಳತಿಯ ವಿಷಯಕ್ಕೆ ಸಂಬಂಧಪಟ್ಟದ್ದೂ ಒಂದಿದೆ. ಥೈರಾಯ್ಡ್ ಸ್ವಲ್ಪವೇ ಕಡಿಮೆ ಇರೋ 50 ಜನರಲ್ಲಿ ಅರ್ಧ ಮಂದಿಗೆ ಅಶ್ವಗಂಧ ಕೊಟ್ಟು, ದಿನಕ್ಕೆ 600 ಮಿಲಿಗ್ರಾಂ ಲೆಕ್ಕದಲ್ಲಿ 8 ವಾರ ನಡೆದ ಪ್ರಯೋಗ. ಅಶ್ವಗಂಧ ತಗೊಂಡವರ ಟಿಎಸ್‌ಎಚ್ ಇಳಿದು ಥೈರಾಯ್ಡ್ ಹಾರ್ಮೋನ್ ಏರಿತು. ಒಳ್ಳೇ ಸುದ್ದಿ ಅಂತ ಇದನ್ನು ಹಂಚಿಕೊಳ್ಳೋರು ತುಂಬಾ ಜನ. ಆದರೆ ಆಗಲೇ ಮಾತ್ರೆ ತಗೊಂಡು ಹದಕ್ಕೆ ತಂದಿಟ್ಟುಕೊಂಡವರಿಗೆ? ಮೇಲಿಂದ ಇನ್ನೊಂದು ಕೈ ಸೇರಿದ ಹಾಗೆ. ಎದೆ ಡವಡವ.

ಲಿವರ್ ವಿಷಯವೂ ಇದೆ. ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ಅಶ್ವಗಂಧ ತಗೊಂಡು ಕಾಮಾಲೆ ಬಂದ ಐದು ಜನರ ಬಗ್ಗೆ ಬರೆದರು. ನಿಲ್ಲಿಸಿದ ಮೇಲೆ ಅವರೆಲ್ಲ ಹುಷಾರಾದರು. ಇಂಥದ್ದು ಅಪರೂಪವೇ, ತಗೊಳ್ಳೋ ಹೆಚ್ಚಿನವರಿಗೆ ಹೀಗೇನೂ ಆಗಲ್ಲ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದು ಅತಿಯಾಯ್ತು ಅನ್ನೋರಿದ್ದಾರೆ, ನನಗೂ ಸ್ವಲ್ಪ ಹಾಗೇ ಅನ್ನಿಸುತ್ತೆ. ಬಸುರಿಯರು ತಗೊಳ್ಳಬಾರದು ಅನ್ನೋದರಲ್ಲಿ ಮಾತ್ರ ಚರ್ಚೆ ಬೇಡ. ನಿದ್ದೆ ಮಾತ್ರೆ ತಗೊಳ್ಳೋರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸೋ ಔಷಧಿಯಲ್ಲಿರೋರು ಕೇಳದೇ ಮುಟ್ಟಬಾರದು.

ನನ್ನ ಎರಡನೇ ಪ್ರಯೋಗ ರೋಡಿಯೋಲ ಅನ್ನೋ ಇನ್ನೊಂದು ಬೇರು. ಇದರಲ್ಲಿ ನಾನು ಮಾಡಿಕೊಂಡದ್ದು ಶುದ್ಧ ಪೆದ್ದುತನ. ಅಶ್ವಗಂಧವನ್ನು ರಾತ್ರಿ ತಗೊಳ್ತಿದ್ದೆನಲ್ಲ, ಅದೂ ಅಡಾಪ್ಟೋಜೆನ್, ಇದೂ ಅಡಾಪ್ಟೋಜೆನ್ ಅಂತ ಇದನ್ನೂ ರಾತ್ರಿ ಹತ್ತಕ್ಕೆ ನುಂಗಿದೆ. ಎರಡು ಗಂಟೆಯಾದರೂ ಕಣ್ಣು ಬಲ್ಬಿನ ಹಾಗೆ. ಮೂರನೇ ರಾತ್ರಿ ಎದ್ದು ಬಟ್ಟೆ ಮಡಚುತ್ತಾ ಕೂತಾಗ ಅನುಮಾನ ಬಂತು. ರೋಡಿಯೋಲ ಎಚ್ಚರ ಕೊಡುವಂಥದ್ದು, ಬೆಳಿಗ್ಗೆ ತಗೊಳ್ಳಿ ಅಂತಲೇ ಸಾಮಾನ್ಯವಾಗಿ ಹೇಳೋದು. ನಿದ್ದೆ ತರಿಸೋದನ್ನೂ ನಿದ್ದೆ ಕೆಡಿಸೋದನ್ನೂ ಒಂದೇ ಹೆಸರಿನ ಕಪಾಟಿನಲ್ಲಿ ಇಟ್ಟರೆ ನನ್ನಂಥವರಿಗೆ ಹೀಗೇ ಆಗೋದು.

ಗಿಡ ಮಾತ್ರ ಸೊಗಸು. ಉತ್ತರ ಧ್ರುವದ ಕಡೆ, ಎತ್ತರದ ಚಳಿ ಬೆಟ್ಟಗಳ ಕಲ್ಲಿನ ಸಂದಿಯಲ್ಲಿ ಬೆಳೆಯುತ್ತೆ. ಬೇರು ಕೊಯ್ದರೆ ಗುಲಾಬಿಯ ವಾಸನೆ, ಅದಕ್ಕೇ ರೋಡಿಯೋಲ ರೋಸಿಯ ಅನ್ನೋ ಹೆಸರು. ತುಂಬಾ ನಿಧಾನಕ್ಕೆ ಬೆಳೆಯುತ್ತೆ, ಜಗತ್ತೆಲ್ಲ ಅಗೆದು ಅಗೆದು ಕಾಡಿನಲ್ಲಿ ಕಡಿಮೆಯಾಗ್ತಾ ಬಂತು. 2022ರಲ್ಲಿ ಪನಾಮದಲ್ಲಿ ನಡೆದ ಸೈಟ್ಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಬಗ್ಗೆ ದೇಶಗಳ ಒಪ್ಪಂದ) ಸಭೆಯಲ್ಲಿ ರೋಡಿಯೋಲ ಜಾತಿಗಳ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದರು. ನನ್ನ ಒತ್ತಡ ಇಳಿಸೋಕೆ ಒಂದು ಬೆಟ್ಟದ ಗಿಡಕ್ಕೆ ಒತ್ತಡ. ಡಬ್ಬಿಯಲ್ಲಿ ರೋಸಿಯ ಅಂತ ಬರೆದು ಒಳಗೆ ಅದರ ಅಣ್ಣತಮ್ಮಂದಿರನ್ನು ತುಂಬಿರೋದೂ ಪರೀಕ್ಷೆಗಳಲ್ಲಿ ಸಿಕ್ಕಿದೆ.

ಇದರ ಪ್ರಯೋಗಗಳಂತೂ ಇನ್ನೂ ಮಜಾ. ರಾತ್ರಿ ಪಾಳಿಯ 56 ಜನ ಎಳೇ ವಯಸ್ಸಿನ ವೈದ್ಯರಿಗೆ ಕೊಟ್ಟು ನೋಡಿದ ಪ್ರಯೋಗ 2000ದಲ್ಲಿ ಬಂತು, ಮೊದಲ ಎರಡು ವಾರ ಅವರ ದಣಿವು ಕಡಿಮೆಯಾಗಿ ತಲೆ ಚುರುಕಾಗಿ ಓಡಿತು. 2014ರಲ್ಲಿ ಪಾಳಿಯಲ್ಲಿ ದುಡಿಯೋ 48 ಜನ ನರ್ಸಿಂಗ್ ವಿದ್ಯಾರ್ಥಿಗಳಿಗೆ 42 ದಿನ ಕೊಟ್ಟು ನೋಡಿದರು. ಹುಸಿ ಮಾತ್ರೆ ನುಂಗಿದವರೇ ಜಾಸ್ತಿ ಚೆನ್ನಾಗಿದ್ದರು! ಮೊದಲನೇದನ್ನು ಎಲ್ಲಾ ಕಡೆ ಓದಿದ್ದೆ. ಎರಡನೇದನ್ನು ನಾನೇ ಹುಡುಕಿಕೊಳ್ಳಬೇಕಾಯ್ತು.

ಅತಿಮಧುರ ಬೇರೆ ಈ ಪಟ್ಟಿಗೆ ನುಗ್ಗಿಬಿಟ್ಟಿದೆ. ಒತ್ತಡ ಇಳಿಸೋ ಮಿಶ್ರಣ ಅಂತ ಮಾರುವ ಚಹಾ ಪೊಟ್ಟಣಗಳಲ್ಲಿ ಸಿಹಿಗೆ ಅಂತ ಹಾಕ್ತಾರೆ, ಅದು ಸುಮ್ನಿರೋ ಬೇರಲ್ಲ. ಕಿಡ್ನಿಯಲ್ಲಿ ಕಾರ್ಟಿಸಾಲನ್ನು ತಣ್ಣಗೆ ಮಾಡುವ ಒಂದು ಕಿಣ್ವ ಇದೆ, ಅತಿಮಧುರದ ಗ್ಲಿಸಿರೈಜಿನ್ ಅದರ ಬಾಯಿ ಮುಚ್ಚಿಸುತ್ತೆ. ಆಗ ಕಾರ್ಟಿಸಾಲ್ ತನ್ನದಲ್ಲದ ಬಾಗಿಲು ತೆರೆದುಕೊಂಡು ಒಳಗೆ ಹೋಗುತ್ತೆ. ದೇಹ ಉಪ್ಪು ಹಿಡಿದಿಟ್ಟುಕೊಳ್ಳುತ್ತೆ, ಪೊಟ್ಯಾಸಿಯಮ್ ಕಳಕೊಳ್ಳುತ್ತೆ, ಬಿಪಿ ಏರುತ್ತೆ. ದಿನಾ ಜಾಸ್ತಿ ತಗೊಂಡರೆ ಎದೆಬಡಿತದ ತಾಳವೇ ತಪ್ಪಬಹುದು. ಒತ್ತಡ ಇಳಿಸೋಕೆ ಅಂತ ಕುಡಿದು ರಕ್ತದೊತ್ತಡ ಏರಿಸಿಕೊಳ್ಳೋದು ಅಂದ್ರೆ ಇದೇ. ತುಳಸಿ, ಜಿನ್ಸೆಂಗ್ ಬಗ್ಗೆ ಬರೆಯೋಕೆ ಹೋದರೆ ಇನ್ನೊಂದು ಪೋಸ್ಟ್ ಆಗುತ್ತೆ. ರಕ್ತ ತೆಳುವಾಗಿಸೋ ವಾರ್ಫರಿನ್ ತಗೊಳ್ಳೋರು ಜಿನ್ಸೆಂಗ್ ಕಡೆ ಕೈ ಹಾಕೋ ಮೊದಲು ಕೇಳಬೇಕು ಅನ್ನೋದಷ್ಟು ಹೇಳಿ ಮುಂದಕ್ಕೆ ಹೋಗ್ತೀನಿ.

ಇಷ್ಟೆಲ್ಲ ಹೇಳಿ, ನನಗೆ ಅಶ್ವಗಂಧದಿಂದ ಏನಾಯ್ತು ಅಂತ ಹೇಳದಿದ್ದರೆ ಮೋಸ. ಪುಸ್ತಕ ಇಟ್ಟಿದ್ದೆ. ದಿನಾ ರಾತ್ರಿ ಎರಡು ಅಂಕ, ನಿದ್ದೆಗೆ ಹತ್ತರಲ್ಲಿ ಎಷ್ಟು, ಸಿಡಿಮಿಡಿಗೆ ಹತ್ತರಲ್ಲಿ ಎಷ್ಟು. ಮೊದಲ ವಾರ ನಿದ್ದೆಗೆ 3, 4, 3, 2. ಆರನೇ ವಾರ 6, 7, 6, 7. ಜಾದೂ ಅಂದುಕೊಂಡೆ, ಅದೇ ಜೋಶಿನಲ್ಲಿ ಗೆಳತಿಗೂ ಒಂದು ಡಬ್ಬಿ ಕೊಟ್ಟೆ. ಅವಳಿಗೆ ಥೈರಾಯ್ಡ್ ಇರೋದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ, ಯಾಕಂದ್ರೆ ನನ್ನ ತಲೆಯಲ್ಲೂ ಅದು ಬೇರು ಅಷ್ಟೇ.

ಅವಳ ಪ್ರಕರಣ ಆದ ಮೇಲೆ ಆ ಪುಸ್ತಕ ಮತ್ತೆ ತೆಗೆದೆ. ಅಂಕಗಳ ಪಕ್ಕ ಅಂಚಿನಲ್ಲಿ ಸಣ್ಣಸಣ್ಣದಾಗಿ ಗೀಚಿದ್ದು ಆಗ ಕಣ್ಣಿಗೆ ಬಿತ್ತು. ಎರಡನೇ ವಾರ: "ಮಧ್ಯಾಹ್ನ ಮೂರರ ಮೇಲೆ ಕಾಫಿ ಬಿಟ್ಟೆ, ಮಾತ್ರೆ ಜೊತೆ ಬೇಡ ಅಂತ ಓದಿದೆ." ಅದೇ ವಾರ: "ಹತ್ತೂವರೆಗೆ ಮಾತ್ರೆ, ಹತ್ತೂಮುಕ್ಕಾಲಿಗೆ ದೀಪ ಆರಿಸೋದು." ನಾಲ್ಕನೇ ವಾರ: "ಆಸ್ಪತ್ರೆಯಿಂದ ಮನೆಗೆ ಬಂದರು." ಆಪರೇಷನ್ ಆಗಿದ್ದವರು ಮನೆಗೆ ಬಂದ ವಾರವೇ ನನ್ನ ನಿದ್ದೆ 4ರಿಂದ 6ಕ್ಕೆ ಹಾರಿದೆ. ನಾನು ಅದರ ಕ್ರೆಡಿಟ್ಟನ್ನು ಕುದುರೆ ವಾಸನೆಯ ಬೇರಿಗೆ ಬರೆದಿದ್ದೆ.

ಕ್ಯಾಪ್ಸೂಲ್ ನಿಲ್ಲಿಸಿದೆ. ಕಾಫಿಯ ಗಂಟೆ, ದೀಪದ ಗಂಟೆ ಹಾಗೇ ಇಟ್ಟುಕೊಂಡೆ, ಅಂಕ ಬರೆಯೋದೂ ಮುಂದುವರಿಸಿದೆ. ಮೊದಲ ವಾರ ಒಂದು ಅಂಕ ಬಿತ್ತು, ಆಮೇಲೆ ಮತ್ತೆ 6, 7. ಇದು ಒಬ್ಬಳ ಲೆಕ್ಕ, ಇದರಿಂದ ಏನೂ ಸಾಬೀತಾಗಲ್ಲ. ಆ ಬೇರು ನನಗೆ ಏನೂ ಮಾಡಲಿಲ್ಲ ಅಂತಲೂ ಹೇಳೋಕಾಗಲ್ಲ. ಮಲಗೋ ಹೊತ್ತಿಗೆ ಮಲಗೋ ಅಭ್ಯಾಸ ಮಾಡಿಸಿದ್ದೇ ಆ ಡಬ್ಬಿ ಅಲ್ವಾ.

ಈಗಲೂ ಯಾರಾದರೂ ತಗೊಳ್ಳಲಾ ಅಂತ ಕೇಳಿದರೆ ನಾನು ಬೇಡ ಅನ್ನಲ್ಲ. ಬೇರೆ ಯಾವ ಮಾತ್ರೆ ತಗೊಳ್ತೀರಿ, ಥೈರಾಯ್ಡ್ ಇದೆಯಾ, ಲಿವರ್ ಹೇಗಿದೆ, ಡಾಕ್ಟರಿಗೆ ಹೇಳಿದ್ದೀರಾ ಅಂತ ಶುರು ಮಾಡ್ತೀನಿ. ಒಂದು ಸಲಕ್ಕೆ ಒಂದೇ ತಗೊಳ್ಳಿ, ಐದು ಬೇರಿನ ಮಿಶ್ರಣ ಬೇಡ, ಏನಾದರೂ ಆದರೆ ಯಾವುದರಿಂದ ಅಂತ ಗೊತ್ತಾಗಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಎಳೆಯಬೇಡಿ, ಅದಕ್ಕಿಂತ ಹೆಚ್ಚು ದಿನ ತಗೊಂಡರೆ ಹೇಗೆ ಅಂತ ಸರಿಯಾಗಿ ನೋಡಿದವರು ಕಡಿಮೆ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಮೈ ತುರಿಸಿದರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಇಷ್ಟು ಹೇಳೋ ಹೊತ್ತಿಗೆ ಅರ್ಧ ಜನಕ್ಕೆ ಆಸೆಯೇ ಹೋಗಿರುತ್ತೆ.

ಹೋದ ವಾರ ಗೆಳತಿ ಒಂದು ಫೋಟೋ ಕಳಿಸಿದಳು. ಚಹಾ ಪೊಟ್ಟಣದ ಡಬ್ಬಿ, ಮೇಲೆ ತಾವರೆ ಹೂವು, ಶಾಂತಿ ಅಂತೇನೋ ಹೆಸರು. "ಇದರಲ್ಲಿ ಅಶ್ವಗಂಧ ಇಲ್ಲ, ನೋಡಿಯೇ ತಗೊಂಡೆ, ಕುಡೀಬಹುದು ತಾನೇ?"

ಫೋಟೋ ಹಿಗ್ಗಿಸಿ ಹಿಂಬದಿ ಓದಿದೆ. ಮೂರನೇ ಹೆಸರು ಅತಿಮಧುರ.

"ಬಿಪಿ ಎಷ್ಟಿದೆ ನಿಂದು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ಬಂತು: "ನಿನ್ನ ಜೊತೆ ಮಾತಾಡೋ ಮೊದಲು ಸರಿಯಾಗೇ ಇತ್ತು ಕಣೇ."